ಬೊಜ್ಜು ನಿವಾರಣಾ ಶಸ್ತ್ರಚಿಕಿತ್ಸೆಯ ನಂತರ ಖಿನ್ನತೆ ನಿವಾರಕ ಔಷಧಿಗಳ ಸೇವನೆ: ಬಾಳ್ಳುಪೇಟೆ ಹಾಗೂ ಸಕಲೇಶಪುರ–ಆಲೂರು ಭಾಗದ ನಾಗರಿಕರಿಗೆ ಮಾಹಿತಿ

ಪೀಠಿಕೆ

ಬೊಜ್ಜು ನಿವಾರಣೆಗಾಗಿ ಜಠರದ ಶಸ್ತ್ರಚಿಕಿತ್ಸೆಗೆ (ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ) ಒಳಗಾಗುವವರಲ್ಲಿ ಅನೇಕರು ಅದಕ್ಕೆ ಮುಂಚಿನಿಂದಲೇ ಖಿನ್ನತೆ ಅಥವಾ ಆತಂಕದ ಕಾಯಿಲೆಗೆ ಮಾತ್ರೆ ಸೇವಿಸುತ್ತಿರುತ್ತಾರೆ. ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಸುಮಾರು 20 ಜನರಿಗೆ ಒಬ್ಬರು ಜೀವನದ ಒಂದಲ್ಲ ಒಂದು ಹಂತದಲ್ಲಿ ಖಿನ್ನತೆಗೆ ಒಳಗಾಗಿರುತ್ತಾರೆ. ಆದ್ದರಿಂದ ಇದು ವಿರಳವಾದ ಸಂಗತಿಯಲ್ಲ, ನಾಚಿಕೆಪಡುವ ಸಂಗತಿಯೂ ಅಲ್ಲ.

ಶಸ್ತ್ರಚಿಕಿತ್ಸೆಯ ನಂತರ ಜಠರದ ಗಾತ್ರವೂ, ಕೆಲವು ವಿಧಾನಗಳಲ್ಲಿ ಆಹಾರ ಸಾಗುವ ದಾರಿಯೂ ಬದಲಾಗುತ್ತದೆ. ಅದೇ ದಾರಿಯಲ್ಲಿ ಸಾಗಬೇಕಾದ ಮಾತ್ರೆಯೂ ಮುಂಚಿನಂತೆ ಕೆಲಸ ಮಾಡದಿರಬಹುದು. ಮಾತ್ರೆ ತಪ್ಪದೆ ಸೇವಿಸುತ್ತಿದ್ದರೂ ಖಿನ್ನತೆ ಮರುಕಳಿಸುವುದು, ಮಾತ್ರೆ ನುಂಗಿದೊಡನೆ ವಾಕರಿಕೆ ಬರುವುದು, ತಲೆ ಸುತ್ತುವುದು ಮುಂತಾದ ತೊಂದರೆಗಳಿಗೆ ಇದು ಕಾರಣವಾಗುತ್ತದೆ. ಈ ವಿಷಯದಲ್ಲಿ ರೋಗಿಗಳು ಹಾಗೂ ಅವರ ಮನೆಯವರು ತಿಳಿದಿರಬೇಕಾದ ಅಂಶಗಳನ್ನೂ, ದೊರೆಯುವ ಸೌಲಭ್ಯಗಳನ್ನೂ, ವಿಮಾ ಅರ್ಜಿಗೆ ಸಂಬಂಧಿಸಿದ ವಿವರಗಳನ್ನೂ ಇಲ್ಲಿ ನೀಡಲಾಗಿದೆ. ಈ ಮಾಹಿತಿಯು ವೈದ್ಯರ ಸಲಹೆಗೆ ಬದಲಿಯಲ್ಲ.

ಈ ಭಾಗದ ವಿಶೇಷ ಪರಿಸ್ಥಿತಿ

ಬಾಳ್ಳುಪೇಟೆಯು ಹಾಸನ–ಸಕಲೇಶಪುರ ಹೆದ್ದಾರಿಯಲ್ಲಿ, ರೈಲು ನಿಲ್ದಾಣವನ್ನೂ ಹೊಂದಿರುವ ಊರು. ಆದರೂ ಬೊಜ್ಜು ನಿವಾರಣಾ ಶಸ್ತ್ರಚಿಕಿತ್ಸೆಗಾಗಿ ಈ ಭಾಗದವರು ಸಾಮಾನ್ಯವಾಗಿ ಬೆಂಗಳೂರಿಗೆ ಅಥವಾ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತಾರೆ. ಮನೋವೈದ್ಯರ ಚಿಕಿತ್ಸೆ ಹಾಸನದಲ್ಲಿ, ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲಿ, ಜ್ವರ–ನೆಗಡಿಗೆ ಊರಿನ ವೈದ್ಯರು, ಮಾತ್ರೆ ತರುವುದು ಪೇಟೆಯ ಔಷಧಿ ಅಂಗಡಿಯಿಂದ. ಹೀಗೆ ನಾಲ್ಕು ಕಡೆ ಹಂಚಿಹೋದ ಚಿಕಿತ್ಸೆಯಲ್ಲಿ ಒಬ್ಬರು ಬರೆದದ್ದು ಮತ್ತೊಬ್ಬರಿಗೆ ತಿಳಿಯುವುದು ರೋಗಿಯ ಕೈಯಲ್ಲಿರುವ ಕಾಗದದಿಂದ ಮಾತ್ರ. ಆ ಕಾಗದ ಮನೆಯಲ್ಲಿ ಉಳಿದರೆ ಯಾವ ವೈದ್ಯರಿಗೂ ಪೂರ್ಣ ಚಿತ್ರ ದೊರೆಯುವುದಿಲ್ಲ.

ಇದಕ್ಕಿಂತ ಹೆಚ್ಚಿನ ತೊಂದರೆ ಮುಚ್ಚಿಡುವುದರಿಂದ ಉಂಟಾಗುತ್ತದೆ. ಖಿನ್ನತೆಯ ಮಾತ್ರೆ ಸೇವಿಸುತ್ತಿರುವುದಾಗಿ ಹೇಳಿದರೆ ಶಸ್ತ್ರಚಿಕಿತ್ಸೆಯನ್ನೇ ನಿರಾಕರಿಸಬಹುದು ಎಂಬ ಅಂಜಿಕೆ ಕೆಲವರಿಗೆ. ಜೊತೆಯಲ್ಲಿ ಬಂದ ಅತ್ತೆ ಮಾವಂದಿರಿಗೆ ತಿಳಿದೀತೆಂಬ ಸಂಕೋಚ ಇನ್ನು ಕೆಲವರಿಗೆ. ಖಿನ್ನತೆ ಇದೆ ಎಂಬ ಒಂದೇ ಕಾರಣಕ್ಕೆ ಶಸ್ತ್ರಚಿಕಿತ್ಸೆಯನ್ನು ನಿರಾಕರಿಸುವ ನಿಯಮವಿಲ್ಲ. ಕಾಯಿಲೆಯು ಹತೋಟಿಯಲ್ಲಿರಬೇಕು ಎಂಬುದಷ್ಟೇ ವೈದ್ಯರ ನಿರೀಕ್ಷೆ. ಹತೋಟಿಯಲ್ಲಿಲ್ಲದಿದ್ದರೆ ಸಾಮಾನ್ಯವಾಗಿ ದಿನಾಂಕವನ್ನು ಮುಂದೂಡಿ ಮೊದಲು ಖಿನ್ನತೆಗೆ ಚಿಕಿತ್ಸೆ ನೀಡಲಾಗುತ್ತದೆ. ಹೇಳದೆ ಮುಚ್ಚಿಟ್ಟವರು ಆಸ್ಪತ್ರೆಗೆ ದಾಖಲಾದ ದಿನದಿಂದ ಮಾತ್ರೆಯನ್ನೂ ಗುಟ್ಟಾಗಿ ನಿಲ್ಲಿಸಬೇಕಾಗುತ್ತದೆ. ವರ್ಷಗಟ್ಟಲೆ ಸೇವಿಸಿದ ಮಾತ್ರೆ ಒಮ್ಮೆಲೇ ನಿಂತಾಗ ಎರಡು ಮೂರು ದಿನಗಳಲ್ಲಿಯೇ ತಲೆ ಸುತ್ತುವಿಕೆ, ನಿದ್ರಾಹೀನತೆ, ಸಿಡುಕು, ವಾಕರಿಕೆ, ತಲೆಯಲ್ಲಿ ವಿದ್ಯುತ್ ಹರಿದಂತೆ ಜುಮ್ಮೆನ್ನುವುದು ಮುಂತಾದ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಪ್ಯಾರಾಕ್ಸಿಟಿನ್ ಮತ್ತು ವೆನ್ಲಾಫ್ಯಾಕ್ಸಿನ್ ಮಾತ್ರೆಗಳಲ್ಲಿ ಇದು ಹೆಚ್ಚು. ಫ್ಲೂಆಕ್ಸಿಟಿನ್ ದೇಹದಲ್ಲಿ ಬಹಳ ದಿನ ಉಳಿಯುವುದರಿಂದ ಅದರಲ್ಲಿ ಕಡಿಮೆ. ವಿಷಯ ತಿಳಿಯದ ಶಸ್ತ್ರಚಿಕಿತ್ಸಕರು ಈ ಲಕ್ಷಣಗಳನ್ನು ಶಸ್ತ್ರಚಿಕಿತ್ಸೆಯ ತೊಡಕೆಂದು ಭಾವಿಸಿ ಅನಾವಶ್ಯಕ ಪರೀಕ್ಷೆಗಳನ್ನು ಬರೆಯುವುದು ಸಹಜ.

ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ ಪ್ರಕರಣ 23ರ ಪ್ರಕಾರ ರೋಗಿಯ ಮಾನಸಿಕ ಆರೋಗ್ಯದ ಮಾಹಿತಿಯನ್ನು ಗೌಪ್ಯವಾಗಿಡುವುದು ಚಿಕಿತ್ಸೆ ನೀಡುವವರ ಕರ್ತವ್ಯವಾಗಿರುತ್ತದೆ. ಸಂಬಂಧಿಕರನ್ನು ಹೊರಗೆ ಕಳುಹಿಸಿ ವೈದ್ಯರೊಡನೆ ಪ್ರತ್ಯೇಕವಾಗಿ ಮಾತನಾಡಲು ಕೋರುವುದರಲ್ಲಿ ತಪ್ಪೇನೂ ಇಲ್ಲ.

ಶಸ್ತ್ರಚಿಕಿತ್ಸೆಯ ವಿಧಗಳು ಹಾಗೂ ಮಾತ್ರೆಯ ಮೇಲೆ ಅವುಗಳ ಪರಿಣಾಮ

ಸ್ಲೀವ್ ಗ್ಯಾಸ್ಟ್ರೆಕ್ಟಮಿ ಎಂಬ ವಿಧಾನದಲ್ಲಿ ಜಠರದ ಶೇ. 75ರಿಂದ 80ರಷ್ಟು ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಾಕಾರದ ಕಿರಿದಾದ ಕೊಳವೆಯಂತೆ ಉಳಿಸಲಾಗುತ್ತದೆ. ಕರುಳಿನ ದಾರಿ ಬದಲಾಗುವುದಿಲ್ಲ. ಗ್ಯಾಸ್ಟ್ರಿಕ್ ಬೈಪಾಸ್ ವಿಧಾನದಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿ ಲೀಟರ್ ಹಿಡಿಯುವ, ಅಂದರೆ ಚಿಕ್ಕ ಕಾಫಿ ಲೋಟದ ಅರ್ಧಕ್ಕೂ ಕಡಿಮೆಯಾದ, ಚೀಲವೊಂದನ್ನು ಮಾಡಿ ಅದಕ್ಕೆ ಸಣ್ಣ ಕರುಳಿನ ಕೆಳಭಾಗವನ್ನು ನೇರವಾಗಿ ಜೋಡಿಸಲಾಗುತ್ತದೆ. ಇದಕ್ಕೆ ರೂ-ಎನ್-ವೈ ಎಂಬ ಹೆಸರಿರುವುದು ಕರುಳನ್ನು ಜೋಡಿಸುವ ಈ ಕ್ರಮವನ್ನು ಪ್ರಚಾರಕ್ಕೆ ತಂದ ಸ್ವಿಟ್ಜರ್ಲೆಂಡಿನ ಶಸ್ತ್ರಚಿಕಿತ್ಸಕ ಸೀಸರ್ ರೂ ಅವರಿಂದ. ಮಿನಿ ಬೈಪಾಸ್‌ನಲ್ಲಿ ಚೀಲ ಸ್ವಲ್ಪ ಉದ್ದವಾಗಿದ್ದು ಜೋಡಣೆ ಒಂದೇ ಇರುತ್ತದೆ.

ನುಂಗಿದ ಮಾತ್ರೆ ಮೊದಲು ಜಠರದ ಆಮ್ಲದಲ್ಲಿ ಕರಗಿ, ನಂತರ ಸಣ್ಣ ಕರುಳಿನ ಗೋಡೆಯ ಮೂಲಕ ರಕ್ತಕ್ಕೆ ಸೇರುತ್ತದೆ. ಬೈಪಾಸ್ ಆದವರಲ್ಲಿ ಆಮ್ಲ ಕಡಿಮೆ, ಮಾತ್ರೆ ಕಲಕಲ್ಪಡುವ ಜಾಗ ಕಡಿಮೆ, ಹೀರಿಕೊಳ್ಳುವ ಕರುಳಿನ ಮೇಲ್ಭಾಗವೂ ದಾರಿಯಿಂದ ಹೊರಗಿರುತ್ತದೆ. ಸ್ಲೀವ್ ಆದವರಲ್ಲಿ ಕರುಳು ಮುಂಚಿನಂತೆಯೇ ಇದ್ದರೂ ಜಠರವು ಬೇಗನೆ ಬರಿದಾಗುತ್ತದೆ. ಆದ್ದರಿಂದ ಮಾತ್ರೆಯ ಹೀರುವಿಕೆಯ ಮಟ್ಟಿಗೆ ಬೈಪಾಸ್ ಆದವರು ಹೆಚ್ಚಿನ ಎಚ್ಚರಿಕೆ ವಹಿಸುವುದು ಸೂಕ್ತ.

ಈ ಬಗ್ಗೆ ಅಮೆರಿಕದಲ್ಲಿ ಗ್ಯಾಸ್ಟ್ರಿಕ್ ಬೈಪಾಸ್‌ಗೆ ಒಳಗಾದ, ಖಿನ್ನತೆ ನಿವಾರಕ ಮಾತ್ರೆ ಸೇವಿಸುತ್ತಿದ್ದ 12 ಜನರ ರಕ್ತವನ್ನು ಶಸ್ತ್ರಚಿಕಿತ್ಸೆಗೆ ಮುಂಚೆ ಹಾಗೂ ನಂತರ ಪರೀಕ್ಷಿಸಿ 2012ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು. ಒಂದು ತಿಂಗಳ ನಂತರ 12 ಜನರ ಪೈಕಿ 8 ಜನರಲ್ಲಿ ರಕ್ತಕ್ಕೆ ಸೇರುತ್ತಿದ್ದ ಔಷಧಿಯು ಮುಂಚಿನ ಪ್ರಮಾಣದ ಸರಾಸರಿ ಶೇ. 54ಕ್ಕೆ ಇಳಿದಿತ್ತು. ಅಂದರೆ ಪೂರ್ತಿ ಮಾತ್ರೆ ನುಂಗಿದವರಿಗೆ ಅರ್ಧ ಮಾತ್ರೆಯಷ್ಟೇ ದಕ್ಕಿದಂತಾಯಿತು. ಆರು ತಿಂಗಳ ಹೊತ್ತಿಗೆ ಆ 8 ಜನರಲ್ಲಿ 6 ಜನರಿಗೆ ಪ್ರಮಾಣ ಮೊದಲಿನ ಮಟ್ಟಕ್ಕೆ ಮರಳಿತು. 12 ಜನರಲ್ಲಿ 4 ಜನರಿಗೆ ಖಿನ್ನತೆ ಉಲ್ಬಣಿಸಿತ್ತು. ಅವರಲ್ಲಿ 3 ಜನರಿಗೆ ವರ್ಷದೊಳಗೆ ಗುಣ ಕಂಡಿತು. ಪರೀಕ್ಷೆಗೆ ಒಳಪಟ್ಟವರ ಸಂಖ್ಯೆ ಚಿಕ್ಕದಾದರೂ ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ: ಕೊರತೆಯು ಎಲ್ಲರಿಗೂ ಸಮನಾಗಿ ಆಗುವುದಿಲ್ಲ, ಮತ್ತು ಮೊದಲ ಆರು ತಿಂಗಳು ಅತ್ಯಂತ ಗಮನವಿಡಬೇಕಾದ ಅವಧಿ.

ಹಾಗೆಂದು ಶಸ್ತ್ರಚಿಕಿತ್ಸೆಯ ಮರುದಿನವೇ ಮಾತ್ರೆಯನ್ನು ಎರಡು ಪಟ್ಟು ಮಾಡಿಕೊಳ್ಳುವುದು ಸಲ್ಲದು. ಕೆಲವರಲ್ಲಿ ಹೀರುವಿಕೆ ಕಡಿಮೆಯಾಗುವುದೇ ಇಲ್ಲ. ತೂಕ ಇಳಿದ ಮೇಲೆ ಹಳೆಯ ಪ್ರಮಾಣವೇ ಹೆಚ್ಚಾಗುವ ಸಂದರ್ಭವೂ ಉಂಟು. ಪ್ರಮಾಣವನ್ನು ಬದಲಿಸುವುದು ಲಕ್ಷಣಗಳನ್ನು ನೋಡಿ ಮನೋವೈದ್ಯರು ಮಾಡತಕ್ಕ ತೀರ್ಮಾನ.

ಮಾತ್ರೆಯ ಹೆಸರಿನ ಮುಂದಿರುವ ಅಕ್ಷರಗಳು

ಔಷಧಿ ಅಂಗಡಿಯಲ್ಲಿ ಅತಿ ಹೆಚ್ಚು ಗೊಂದಲವಾಗುವುದು ಇಲ್ಲಿಯೇ ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ತಿಳಿಸಲಾಗಿದೆ. ಒಂದೇ ಔಷಧಿಯು ಸಾಮಾನ್ಯ ಮಾತ್ರೆಯಾಗಿಯೂ, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯಾಗಿಯೂ ದೊರೆಯುತ್ತದೆ. ಎರಡನೆಯ ಬಗೆಯ ಸ್ಟ್ರಿಪ್ ಮೇಲೆ ಹೆಸರಿನ ಮುಂದೆ ಎಸ್.ಆರ್., ಎಕ್ಸ್.ಆರ್., ಇ.ಆರ್., ಸಿ.ಆರ್. ಮುಂತಾದ ಅಕ್ಷರಗಳಿರುತ್ತವೆ. ಇವು ಹಲವು ಗಂಟೆಗಳ ಕಾಲ ಕರುಳಿನಲ್ಲಿ ಸಾಗುತ್ತ ಸ್ವಲ್ಪ ಸ್ವಲ್ಪವೇ ಕರಗುವಂತೆ ತಯಾರಾದವು. ಕರುಳಿನ ದಾರಿ ಮೊಟಕಾದವರಲ್ಲಿ ಇಂತಹ ಮಾತ್ರೆ ಪೂರ್ತಿ ಕರಗುವ ಮುಂಚೆಯೇ ಹೊರಬೀಳುವ ಸಂಭವವಿರುವುದರಿಂದ, ಸಾಧ್ಯವಿದ್ದಲ್ಲಿ ಸಾಮಾನ್ಯ ಮಾತ್ರೆಗೆ ಬದಲಾಯಿಸುವುದು ವೈದ್ಯರ ವಾಡಿಕೆ. ಆದರೆ ಈ ಮಾತು ಪ್ರತಿಯೊಂದು ಔಷಧಿಗೂ ಅನ್ವಯಿಸುವುದಿಲ್ಲ. ವೆನ್ಲಾಫ್ಯಾಕ್ಸಿನ್ ಎಕ್ಸ್.ಆರ್. ಕ್ಯಾಪ್ಸೂಲಿನ ಬಗ್ಗೆ 2017ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ ಬೈಪಾಸ್‌ಗೆ ಮುಂಚಿನ ಮತ್ತು ನಂತರದ ಹೀರುವಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಆದ್ದರಿಂದ ಅಕ್ಷರ ನೋಡಿದೊಡನೆ ಮಾತ್ರೆ ಬಿಡಬಾರದು, ವೈದ್ಯರನ್ನು ಕೇಳಬೇಕು.

ಶಸ್ತ್ರಚಿಕಿತ್ಸೆಯ ನಂತರದ ಮೊದಲ ಕೆಲವು ವಾರ ಜಠರದ ಒಳಗೆ ಊತವಿರುವುದರಿಂದ ದೊಡ್ಡ ಮಾತ್ರೆ ಸಿಕ್ಕಿಕೊಳ್ಳಬಹುದು. ಆಗ ಮಾತ್ರೆಯನ್ನು ಪುಡಿ ಮಾಡಿ ಅಥವಾ ದ್ರವರೂಪದಲ್ಲಿ ನೀಡಲಾಗುತ್ತದೆ. ಎಸಿಟಲೋಪ್ರಾಮ್, ಸರ್ಟ್ರಲೀನ್ ಮುಂತಾದ ಸಾಮಾನ್ಯ ಮಾತ್ರೆಗಳನ್ನು ವೈದ್ಯರು ಒಪ್ಪಿದಲ್ಲಿ ಪುಡಿ ಮಾಡಬಹುದು. ಸರ್ಟ್ರಲೀನ್ ಪುಡಿ ಬಹಳ ಕಹಿಯಾಗಿದ್ದು ನಾಲಿಗೆ ಮರಗಟ್ಟಿದಂತಾಗುತ್ತದೆ. ಅದರಿಂದ ಗಾಬರಿಯಾಗಬೇಕಿಲ್ಲ. ಆದರೆ ಮೇಲೆ ಹೇಳಿದ ಅಕ್ಷರಗಳಿರುವ ಮಾತ್ರೆಗಳನ್ನು ಯಾವ ಕಾರಣಕ್ಕೂ ಪುಡಿ ಮಾಡಬಾರದು. ಇಡೀ ದಿನಕ್ಕೆಂದು ಇರಿಸಿದ ಔಷಧಿ ಒಂದೇ ಬಾರಿಗೆ ರಕ್ತಕ್ಕೆ ಸೇರುತ್ತದೆ. ಡುಲಾಕ್ಸಿಟಿನ್ ಕ್ಯಾಪ್ಸೂಲಿನೊಳಗಿನ ಸಣ್ಣ ಕಾಳುಗಳಿಗೆ ಆಮ್ಲದಿಂದ ಕೆಡದಂತೆ ಲೇಪನವಿರುತ್ತದೆ. ಅವನ್ನು ಅರೆದರೆ ಲೇಪನ ಹೋಗಿ ಔಷಧಿ ಕೆಡುತ್ತದೆ. ದ್ರವರೂಪದ ಔಷಧಿಗಳಲ್ಲಿ ಸಕ್ಕರೆ ಅಥವಾ ಸಾರ್ಬಿಟಾಲ್ ಇದ್ದಲ್ಲಿ ಬೈಪಾಸ್ ಆದವರಿಗೆ ಹೊಟ್ಟೆ ನುಲಿತ, ಬೆವರು, ಭೇದಿ ಆಗಬಹುದು. ಬಾಟಲಿಯ ಚೀಟಿ ಓದಿಕೊಳ್ಳುವುದು ಒಳ್ಳೆಯದು.

ಅಂಗಡಿಯಲ್ಲಿ ಬರೆದುಕೊಟ್ಟ ಕಂಪನಿಯ ಮಾತ್ರೆ ಇಲ್ಲದಿದ್ದಾಗ ಬೇರೆ ಕಂಪನಿಯದನ್ನು ಕೊಡುವುದುಂಟು. ಮೂಲ ಔಷಧಿಯ ಹೆಸರು, ಮಿಲಿಗ್ರಾಂ ಮತ್ತು ಆ ಅಕ್ಷರಗಳು ಮೂರೂ ಹೊಂದಿಕೆಯಾದರೆ ತೊಂದರೆಯಿಲ್ಲ. ಹಳೆಯ ಸ್ಟ್ರಿಪ್ ಒಂದನ್ನು ಎಸೆಯದೆ ಇಟ್ಟುಕೊಂಡು ಹೊಸದರೊಡನೆ ಹೋಲಿಸಿ ನೋಡುವುದು ಸುಲಭ ಉಪಾಯ.

ವಾಕರಿಕೆ, ವಾಂತಿ ಹಾಗೂ ಇತರ ತೊಂದರೆಗಳು

ಖಿನ್ನತೆ ನಿವಾರಕ ಮಾತ್ರೆಗಳು ಆರೋಗ್ಯವಂತ ಜಠರದಲ್ಲಿಯೂ ಸ್ವಲ್ಪ ವಾಕರಿಕೆ ಉಂಟುಮಾಡುತ್ತವೆ. ಶಸ್ತ್ರಚಿಕಿತ್ಸೆಯಾದ ಜಠರದಲ್ಲಿ ಅದು ಹೆಚ್ಚಾಗಿ ತೋರುತ್ತದೆ. ಮಾತ್ರೆಯನ್ನು ಸೇವಿಸುವ ಹೊತ್ತನ್ನು ಬದಲಿಸುವುದು, ಅನುಮತಿಸಿದ ಆಹಾರದೊಡನೆ ಸೇವಿಸುವುದು, ಪ್ರಮಾಣವನ್ನು ಎರಡು ಭಾಗ ಮಾಡುವುದು ಮುಂತಾದ ಕ್ರಮಗಳಿಂದ ಬಹುಪಾಲು ಜನರಿಗೆ ಸರಿಹೋಗುತ್ತದೆ. ಇವನ್ನು ವೈದ್ಯರನ್ನು ಕೇಳಿಯೇ ಮಾಡಬೇಕು. ಮಾತ್ರೆ ವಾಂತಿಯಾದಲ್ಲಿ ತಾವಾಗಿಯೇ ಮತ್ತೊಂದನ್ನು ನುಂಗಬಾರದು. ಎಷ್ಟು ಹೊತ್ತಿಗೆ ವಾಂತಿಯಾಯಿತು ಎಂಬುದನ್ನು ಬರೆದಿಟ್ಟು ವಿಚಾರಿಸಬೇಕು.

ಬಿಡದೆ ವಾಂತಿಯಾಗುತ್ತಿದ್ದರೆ ಅದನ್ನು ಮಾತ್ರೆಯ ಮೇಲೆ ಹೊರಿಸಿ ಸುಮ್ಮನಿರಬಾರದು. ಹಲವು ದಿನ ವಾಂತಿಯಾದವರಲ್ಲಿ ಥಯಾಮಿನ್ (ಬಿ1 ಜೀವಸತ್ವ) ಬರಿದಾಗಿ ಗೊಂದಲ, ಮರೆವು, ಕಣ್ಣು ಗುಡ್ಡೆಯ ಚಲನೆಯಲ್ಲಿ ವ್ಯತ್ಯಾಸ, ನಡಿಗೆಯಲ್ಲಿ ತೂರಾಟ ಕಾಣಿಸಿಕೊಳ್ಳುತ್ತವೆ. ಇದು ತುರ್ತು ಸ್ಥಿತಿ. ಇಂತಹವರಿಗೆ ಥಯಾಮಿನ್ ಕೊಡದೆ ಗ್ಲೂಕೋಸ್ ಡ್ರಿಪ್ ಹಾಕಿದರೆ ಅಪಾಯ ಹೆಚ್ಚುತ್ತದೆ. ಸುಸ್ತಾದವರಿಗೆ ಒಂದು ಬಾಟಲಿ ಗ್ಲೂಕೋಸ್ ಹಾಕಿಸುವ ರೂಢಿ ನಮ್ಮ ಕಡೆ ಇರುವುದರಿಂದ, ಬೊಜ್ಜಿನ ಶಸ್ತ್ರಚಿಕಿತ್ಸೆಯಾಗಿದೆ ಎಂಬುದನ್ನು ಮೊದಲೇ ಹೇಳುವುದು ಅತ್ಯಗತ್ಯ.

ಜೀವಸತ್ವ ಬಿ12, ಫೋಲೇಟ್, ಕಬ್ಬಿಣಾಂಶಗಳ ಕೊರತೆಯೂ ಉತ್ಸಾಹಹೀನತೆ, ಆಯಾಸ, ಮಂಕುತನಗಳನ್ನು ತರುತ್ತದೆ. ಖಿನ್ನತೆ ಮರುಕಳಿಸಿತೆಂದು ಮಾತ್ರೆ ಹೆಚ್ಚಿಸುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿದರೆ ಕಾರಣ ಬೇರೆಯೇ ಇರುವುದು ತಿಳಿಯಬಹುದು. ಕಬ್ಬಿಣದ ಮಾತ್ರೆಯನ್ನು ಕಾಫಿ, ಚಹಾಗಳೊಡನೆ ಸೇವಿಸಿದರೆ ಅದು ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. ಕಾಫಿ ಸೀಮೆಯಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು. ಬೆಲ್ಲದ ಕಾಫಿಯಂತೂ ಬೈಪಾಸ್ ಆದವರಿಗೆ ಎದೆಬಡಿತ, ಬೆವರು, ತಲೆ ಸುತ್ತುವಿಕೆಗಳನ್ನು ತರಬಹುದು. ಅದನ್ನು ಮಾತ್ರೆಯ ದೋಷವೆಂದು ತಿಳಿದು ಮಾತ್ರೆ ಬಿಡುವುದು ತಪ್ಪು.

ಮೈಕೈ ನೋವಿಗೆ ಅಂಗಡಿಯಿಂದ ತಾವೇ ತರುವ ನೋವಿನ ಮಾತ್ರೆಗಳ ಬಗ್ಗೆಯೂ ಎಚ್ಚರಿಕೆ ಅಗತ್ಯ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದವು ಬೈಪಾಸ್ ಜೋಡಣೆಯ ಜಾಗದಲ್ಲಿ ಹುಣ್ಣು ಮಾಡುತ್ತವೆ. ಎಸಿಟಲೋಪ್ರಾಮ್, ಸರ್ಟ್ರಲೀನ್‌ಗಳಂತಹ ಮಾತ್ರೆಗಳ ಜೊತೆಗೂಡಿದಾಗ ರಕ್ತಸ್ರಾವದ ಸಂಭವವೂ ಹೆಚ್ಚುತ್ತದೆ. ಟ್ರಮಡಾಲ್ ಎಂಬ ನೋವು ನಿವಾರಕವು ಖಿನ್ನತೆ ನಿವಾರಕಗಳೊಡನೆ ಸೇರಿ ಮೈ ನಡುಕ, ಜ್ವರ, ತಳಮಳ ತರಬಹುದು. ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಬಳಸುವ ಮಿಥಿಲೀನ್ ಬ್ಲೂ ಎಂಬ ನೀಲಿ ದ್ರಾವಣವನ್ನು ರಕ್ತನಾಳಕ್ಕೆ ನೀಡಿದಾಗಲೂ ಹೀಗಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲಿ ಎಚ್ಚರಿಸಿದೆ. ಅರಿವಳಿಕೆ ತಜ್ಞರಿಗೆ ಮಾತ್ರೆಗಳ ಪಟ್ಟಿ ಮೊದಲೇ ತಿಳಿದಿರಬೇಕೆನ್ನುವುದು ಇದಕ್ಕಾಗಿಯೇ.

ಲಿಥಿಯಂ ಸೇವಿಸುವವರಿಗೆ ಪ್ರತ್ಯೇಕ ಎಚ್ಚರಿಕೆ ಇದೆ. ಬೇರೆ ಮಾತ್ರೆಗಳ ಪ್ರಮಾಣ ರಕ್ತದಲ್ಲಿ ಇಳಿಯುವ ಭಯವಾದರೆ, ಲಿಥಿಯಂ ವಿಷಯದಲ್ಲಿ ಏರುವ ಭಯ. ಶಸ್ತ್ರಚಿಕಿತ್ಸೆಯ ನಂತರ ನೀರು ಕುಡಿಯುವುದು ಕಡಿಮೆಯಾಗಿ, ವಾಂತಿ ಭೇದಿಯೂ ಸೇರಿದರೆ ಲಿಥಿಯಂ ವಿಷದ ಮಟ್ಟಕ್ಕೆ ಏರಬಹುದು. ಮೊದಲ ವಾರಗಳಲ್ಲಿ ಪದೇ ಪದೇ ರಕ್ತಪರೀಕ್ಷೆ ಮಾಡಿಸದೆ ಇದನ್ನು ಮುಂದುವರಿಸಬಾರದು.

ಮದ್ಯಪಾನದ ಬಗ್ಗೆಯೂ ಒಂದು ಮಾತು. ಬೈಪಾಸ್ ಮತ್ತು ಸ್ಲೀವ್ ಎರಡರಲ್ಲಿಯೂ ಮದ್ಯ ಬೇಗನೆ, ಹೆಚ್ಚಿನ ಮಟ್ಟದಲ್ಲಿ ರಕ್ತಕ್ಕೇರುತ್ತದೆ. ಮುಂಚೆ ಮೂರು ಲೋಟದಲ್ಲಿ ಆಗುತ್ತಿದ್ದದ್ದು ಒಂದರಲ್ಲಿಯೇ ಆಗಬಹುದು. ಬೈಪಾಸ್ ಆದವರಲ್ಲಿ ಮದ್ಯವ್ಯಸನವು ಎರಡನೆಯ ವರ್ಷದಿಂದ ಹೆಚ್ಚಾಗುವುದು ಕಂಡುಬಂದಿದೆ. ಖಿನ್ನತೆಯ ಮಾತ್ರೆ ಸೇವಿಸುವವರಿಗೆ ಇದು ಎರಡು ಪಟ್ಟು ಹಾನಿ.

ಮನೆಯವರು ಗಮನಿಸಬೇಕಾದದ್ದು

ತೂಕ ಇಳಿದವರನ್ನು ಕಂಡು ನೆಂಟರಿಷ್ಟರು ಸಂತೋಷಪಡುವ ಹೊತ್ತಿನಲ್ಲಿಯೇ ರೋಗಿಯು ಒಳಗೊಳಗೆ ಕುಗ್ಗುತ್ತಿರಬಹುದು. “ಇಷ್ಟು ಖರ್ಚು ಮಾಡಿ ತೆಳ್ಳಗಾದ ಮೇಲೂ ಯಾಕಪ್ಪ ಬೇಜಾರು” ಎಂಬ ಮಾತು ಹಿತೈಷಿಗಳ ಬಾಯಿಂದಲೇ ಬರುತ್ತದೆ. ಹೆಚ್ಚಿನವರಲ್ಲಿ ಶಸ್ತ್ರಚಿಕಿತ್ಸೆಯ ನಂತರದ ಮೊದಲ ವರ್ಷಗಳಲ್ಲಿ ಮನಸ್ಥಿತಿ ಸುಧಾರಿಸುತ್ತದೆ ಎಂಬುದು ನಿಜ. ಆದರೆ ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಶಸ್ತ್ರಚಿಕಿತ್ಸೆಯಾದ 8,815 ಜನರ ದಾಖಲೆಗಳನ್ನು ಪರಿಶೀಲಿಸಿದಾಗ, ಶಸ್ತ್ರಚಿಕಿತ್ಸೆಗೆ ಮುಂಚಿನ ಮೂರು ವರ್ಷಗಳಿಗೆ ಹೋಲಿಸಿದರೆ ನಂತರದ ಮೂರು ವರ್ಷಗಳಲ್ಲಿ ತಮಗೆ ತಾವೇ ಹಾನಿ ಮಾಡಿಕೊಂಡು ತುರ್ತು ಚಿಕಿತ್ಸೆಗೆ ಬಂದ ಪ್ರಕರಣಗಳು ಸುಮಾರು ಶೇ. 50ರಷ್ಟು ಹೆಚ್ಚಾಗಿದ್ದವು. ಒಟ್ಟು ಜನರಲ್ಲಿ ಅಂತಹವರ ಸಂಖ್ಯೆ ಚಿಕ್ಕದು. ಆದರೆ ಮನೆಯವರಿಗೆ ಅಂಕಿ ಅಂಶದ ಲೆಕ್ಕ ಬೇರೆ, ತಮ್ಮವರ ಲೆಕ್ಕ ಬೇರೆ.

ನಿದ್ರೆ ಕೆಡುವುದು, ಮಾತು ಕಡಿಮೆಯಾಗುವುದು, ಸೂಚಿಸಿದ ಆಹಾರವನ್ನೂ ಬಿಡುವುದು, ಬದುಕು ಬೇಡವೆಂಬ ಮಾತು, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ನಿಗದಿತ ಭೇಟಿಯವರೆಗೆ ಕಾಯಬಾರದು. ತೋಟದ ಮನೆಗಳಲ್ಲಿ ಕೀಟನಾಶಕ, ಕಳೆನಾಶಕಗಳನ್ನು ಕೈಗೆಟಕುವಂತೆ ಇಡುವುದು ಸಾಮಾನ್ಯ. ಅವನ್ನು ಬೀಗ ಹಾಕಿದ ಜಾಗದಲ್ಲಿರಿಸಿ ಬೀಗದ ಕೈಯನ್ನು ಬೇರೊಬ್ಬರು ಇಟ್ಟುಕೊಳ್ಳುವುದು ಜೀವ ಉಳಿಸುವ ಕ್ರಮವಾಗಿದೆ. ಹೆಚ್ಚುವರಿ ಮಾತ್ರೆಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ದೊರೆಯುವ ಸೌಲಭ್ಯಗಳು

ಟೆಲಿ ಮಾನಸ್ ಸಹಾಯವಾಣಿಯು 2022ರ ಅಕ್ಟೋಬರ್ 10ರಂದು ದೇಶದಾದ್ಯಂತ ಆರಂಭವಾಗಿದ್ದು, 14416 ಸಂಖ್ಯೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಆಪ್ತಸಲಹೆ ಪಡೆಯಬಹುದಾಗಿದೆ. ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ. ಮಳೆಗಾಲದಲ್ಲಿ ರಸ್ತೆ ಕುಸಿದು ಹಾಸನಕ್ಕೂ ಹೋಗಲಾಗದ ದಿನಗಳಲ್ಲಿ ಇದು ಹೆಚ್ಚು ಪ್ರಯೋಜನಕಾರಿ. ತುರ್ತು ಸಂದರ್ಭದಲ್ಲಿ 108 ಆಂಬ್ಯುಲೆನ್ಸ್ ಸೇವೆಯನ್ನು ಪಡೆಯತಕ್ಕದ್ದು.

ಸಕಲೇಶಪುರದ ಕ್ರಾಫರ್ಡ್ ಸಾರ್ವಜನಿಕ ಆಸ್ಪತ್ರೆಯು ಈ ತಾಲ್ಲೂಕಿನ ಪ್ರಮುಖ ಸರ್ಕಾರಿ ಆಸ್ಪತ್ರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಹಾಗೂ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ನಿಗದಿತ ದಿನದಂದು ಭೇಟಿ ನೀಡುವ ವ್ಯವಸ್ಥೆ ಇರುತ್ತದೆ. ದಿನವನ್ನು ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡು ಹೋಗುವುದರಿಂದ ಒಂದು ದಿನದ ಕೂಲಿ ಉಳಿಯುತ್ತದೆ. ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಹಾಗೂ ಅದಕ್ಕೆ ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯು ಹೆಚ್ಚಿನ ಚಿಕಿತ್ಸೆಗೆ ಜಿಲ್ಲಾ ಕೇಂದ್ರದಲ್ಲಿ ಲಭ್ಯವಿದೆ.

2017ರ ಅಧಿನಿಯಮದ ಪ್ರಕರಣ 18ರನ್ವಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮಾನಸಿಕ ಕಾಯಿಲೆಯ ಔಷಧಿಗಳನ್ನು ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕೆ ಮೇಲ್ಪಟ್ಟ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ನೀಡತಕ್ಕದ್ದಾಗಿದೆ. 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಎಸಿಟಲೋಪ್ರಾಮ್, ಫ್ಲೂಆಕ್ಸಿಟಿನ್ ಹಾಗೂ ಅಮಿಟ್ರಿಪ್ಟಿಲಿನ್ ಸೇರಿವೆ. ಶಸ್ತ್ರಚಿಕಿತ್ಸೆಗೆ ಮುಂಚೆ ಮನೋವೈದ್ಯರು ಮಾತ್ರೆಯನ್ನು ಬದಲಿಸುವುದಿದ್ದರೆ ಈ ಪಟ್ಟಿಯನ್ನೂ ಗಮನಕ್ಕೆ ತರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ದೊರೆಯುವ, ಸಾಮಾನ್ಯ ರೂಪದ ಮಾತ್ರೆಯು ಮುಂದಿನ ಹಲವು ವರ್ಷಗಳ ಖರ್ಚನ್ನು ಕಡಿಮೆ ಮಾಡುತ್ತದೆ. ಅಮಿಟ್ರಿಪ್ಟಿಲಿನ್, ಮಿರ್ಟಜಪಿನ್ ಮತ್ತು ಪ್ಯಾರಾಕ್ಸಿಟಿನ್‌ಗಳಿಂದ ತೂಕ ಏರುವ ಸಂಭವವಿರುವುದನ್ನು ಸಹ ಚರ್ಚಿಸುವುದು ಸೂಕ್ತ.

ವಿಮಾ ಅರ್ಜಿದಾರರಿಗೆ ಸೂಚನೆಗಳು

ಬೊಜ್ಜಿನ ಶಸ್ತ್ರಚಿಕಿತ್ಸೆಯನ್ನು ಸೌಂದರ್ಯ ಚಿಕಿತ್ಸೆಯೆಂದು ಭಾವಿಸಿ ವಿಮೆ ದೊರೆಯುವುದಿಲ್ಲವೆಂಬ ನಂಬಿಕೆ ವ್ಯಾಪಕವಾಗಿದೆ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವಿಮೆಯಿಂದ ಹೊರಗಿಡುವ ವೆಚ್ಚಗಳನ್ನು ಏಕರೂಪಗೊಳಿಸಿದ್ದು, ಬೊಜ್ಜಿನ ವಿಷಯ ಅದರ 06ನೇ ಸಂಕೇತದಡಿ ಬರುತ್ತದೆ. ಅದರಂತೆ ವೈದ್ಯರ ಸಲಹೆ ಮೇರೆಗೆ, ವೈದ್ಯಕೀಯ ಮಾನದಂಡಕ್ಕನುಗುಣವಾಗಿ, 18 ವರ್ಷ ತುಂಬಿದವರಿಗೆ, ದೇಹ ತೂಕ ಸೂಚ್ಯಂಕವು 40 ಅಥವಾ ಹೆಚ್ಚಿದ್ದಲ್ಲಿ, ಅಥವಾ ಇತರ ವಿಧಾನಗಳಿಂದ ತೂಕ ಇಳಿಯದೆ, ಸೂಚ್ಯಂಕ 35 ಅಥವಾ ಹೆಚ್ಚಿದ್ದು ಹತೋಟಿಗೆ ಬಾರದ ಮಧುಮೇಹ, ಹೃದಯದ ಕಾಯಿಲೆ, ತೀವ್ರ ಸ್ವರೂಪದ ನಿದ್ರೆಯ ಉಸಿರುಗಟ್ಟುವಿಕೆ ಮುಂತಾದ ನಿರ್ದಿಷ್ಟ ಕಾಯಿಲೆಗಳಿದ್ದಲ್ಲಿ, ಮಾಡಿದ ಶಸ್ತ್ರಚಿಕಿತ್ಸೆಯನ್ನು ಈ ಸಂಕೇತದಡಿ ಹೊರಗಿಡುವಂತಿಲ್ಲ. ವೈದ್ಯರು ಇದಕ್ಕಿಂತ ಕಡಿಮೆ ಸೂಚ್ಯಂಕದಲ್ಲಿಯೂ ಶಸ್ತ್ರಚಿಕಿತ್ಸೆಯನ್ನು ಸೂಚಿಸಬಹುದು. ಆದರೆ ಆಗ ವಿಮೆಯ ಹಣ ದೊರೆಯುತ್ತದೆಂದು ಭಾವಿಸಿ ಮುಂಗಡ ಕಟ್ಟಬಾರದು. ಪಾಲಿಸಿಯ ಕಾಯುವ ಅವಧಿಯನ್ನೂ ನೋಡಿಕೊಳ್ಳತಕ್ಕದ್ದು.

ಮಾನಸಿಕ ಕಾಯಿಲೆಗೆ ಸಂಬಂಧಿಸಿದಂತೆ ಮೇಲ್ಕಂಡ ಅಧಿನಿಯಮದ ಪ್ರಕರಣ 21(4)ರ ಪ್ರಕಾರ ದೈಹಿಕ ಕಾಯಿಲೆಗಳಿಗೆ ಇರುವ ಆಧಾರದ ಮೇಲೆಯೇ ಮಾನಸಿಕ ಕಾಯಿಲೆಗಳ ಚಿಕಿತ್ಸೆಗೂ ವಿಮಾ ಸೌಲಭ್ಯವನ್ನು ವಿಮಾ ಕಂಪನಿಗಳು ಒದಗಿಸಬೇಕಾಗಿದೆ. ಈ ಅಧಿನಿಯಮವು 2018ರ ಮೇ 29ರಿಂದ ಜಾರಿಯಲ್ಲಿದೆ.

ಮುಚ್ಚಿಡುವ ವಿಷಯ ಇಲ್ಲಿಯೂ ಎದುರಾಗುತ್ತದೆ. ವಿಮಾ ಪ್ರಸ್ತಾವನಾ ನಮೂನೆಯಲ್ಲಿ ಈಗ ಸೇವಿಸುತ್ತಿರುವ ಔಷಧಿಗಳನ್ನು ಕೇಳುವ ಅಂಕಣವಿರುತ್ತದೆ. ಏಜೆಂಟರ ಮಾತು ಕೇಳಿ ಅಲ್ಲಿ “ಇಲ್ಲ” ಎಂದು ಬರೆದವರು, ನಂತರ ಆಸ್ಪತ್ರೆಯ ದಾಖಲೆಯಲ್ಲಿ “ಮೂರು ವರ್ಷಗಳಿಂದ ಎಸಿಟಲೋಪ್ರಾಮ್ ಸೇವನೆ” ಎಂದು ನಮೂದಾದಾಗ ಪೂರ್ತಿ ಮೊತ್ತವನ್ನೇ ಕಳೆದುಕೊಳ್ಳುವ ಸಂದರ್ಭ ಬರುತ್ತದೆ. ಆ ಭಯದಿಂದ ಆಸ್ಪತ್ರೆಯಲ್ಲಿಯೂ ಸುಳ್ಳು ಹೇಳಿದರೆ ಹಣದ ನಷ್ಟದ ಬದಲು ಜೀವದ ಅಪಾಯ. ಮೊದಲೇ ತಿಳಿಸಿದವರು, ಈಗಿರುವ ನಿಯಮದಂತೆ, ಮುಂಚಿನಿಂದ ಇರುವ ಕಾಯಿಲೆಗೆ ಗರಿಷ್ಠ 36 ತಿಂಗಳು ಕಾಯಬೇಕಾಗುತ್ತದೆ, ಅಷ್ಟೇ. ಸತತವಾಗಿ 60 ತಿಂಗಳು ಕಂತು ಕಟ್ಟಿದ ಪಾಲಿಸಿಯನ್ನು, ವಂಚನೆ ಸಾಬೀತಾದ ಹೊರತು, ವಿವರ ಮುಚ್ಚಿಟ್ಟ ಕಾರಣ ನೀಡಿ ಪ್ರಶ್ನಿಸುವಂತಿಲ್ಲ. ಈ ಎರಡೂ ಅವಧಿಗಳು 2024ರಲ್ಲಿ ಕಡಿಮೆಯಾದವು.

ಅರ್ಜಿ ತಿರಸ್ಕೃತವಾದಲ್ಲಿ ಕಾರಣವನ್ನು ಲಿಖಿತವಾಗಿ ಪಡೆದು, ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯತಕ್ಕದ್ದು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ.

ಜೊತೆಯಲ್ಲಿ ಇಟ್ಟುಕೊಳ್ಳಬೇಕಾದ ದಾಖಲೆ

ಒಂದು ಹಾಳೆ ಸಾಕು. ಅದರಲ್ಲಿ ಶಸ್ತ್ರಚಿಕಿತ್ಸೆಯ ಹೆಸರು ಹಾಗೂ ದಿನಾಂಕ, ಈಗ ಸೇವಿಸುತ್ತಿರುವ ಪ್ರತಿ ಮಾತ್ರೆಯ ಮೂಲ ಹೆಸರು, ಮಿಲಿಗ್ರಾಂ, ಹೆಸರಿನ ಮುಂದಿನ ಅಕ್ಷರ, ಸೇವಿಸುವ ಹೊತ್ತು, ಮನೋವೈದ್ಯರ ಮತ್ತು ಶಸ್ತ್ರಚಿಕಿತ್ಸಕರ ದೂರವಾಣಿ ಸಂಖ್ಯೆ ಇರಲಿ. ಬಿಡುಗಡೆಯ ದಿನ ಆಸ್ಪತ್ರೆಯಿಂದ ಪಡೆಯುವ ಡಿಸ್‌ಚಾರ್ಜ್ ಸಾರಾಂಶದಲ್ಲಿ ಖಿನ್ನತೆಯ ಮಾತ್ರೆಯು ಮುಂದುವರಿಯಬೇಕೆಂದು ನಮೂದಾಗಿದೆಯೇ ಎಂಬುದನ್ನು ಓದಿ ನೋಡಿ, ಇಲ್ಲದಿದ್ದರೆ ಅಲ್ಲಿಯೇ ಬರೆಯಿಸಿಕೊಳ್ಳಬೇಕು. ಬರೆಯುವಾಗ ಒಂದು ಸಾಲು ಬಿಟ್ಟುಹೋದದ್ದನ್ನೇ ವೈದ್ಯರು ನಿಲ್ಲಿಸಲು ಹೇಳಿದ್ದಾರೆಂದು ಭಾವಿಸಿ ಮಾತ್ರೆ ನಿಲ್ಲಿಸುವುದುಂಟು.

ಮನೋವೈದ್ಯರ ಭೇಟಿಯನ್ನು ಶಸ್ತ್ರಚಿಕಿತ್ಸೆಗೆ ಮುಂಚೆ ಒಮ್ಮೆ, ನಂತರ ಮೊದಲ ಆರು ತಿಂಗಳು ತಿಂಗಳಿಗೊಮ್ಮೆ ಇರಿಸಿಕೊಳ್ಳುವುದು ಅಪೇಕ್ಷಣೀಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲಕ್ಕೂ, ಕೆಲಸ ಬಿಡಲಾಗದ ಕಾಫಿ ಕೊಯ್ಲಿನ ತಿಂಗಳುಗಳಿಗೂ ಮುಂಚೆ ವೈದ್ಯರಿಗೆ ತಿಳಿಸಿ, ಎರಡು ವಾರಕ್ಕಾಗುವಷ್ಟು ಹೆಚ್ಚುವರಿ ಮಾತ್ರೆಗೆ ಚೀಟಿ ಬರೆಯಿಸಿಕೊಳ್ಳಬಹುದು. ಹೆಚ್ಚುವರಿ ಮಾತ್ರೆಗಳು ಮನೆಯ ಜವಾಬ್ದಾರಿಯುತ ವ್ಯಕ್ತಿಯ ವಶದಲ್ಲಿರತಕ್ಕದ್ದು.